28 ವರ್ಷ ಪಾಠ ಹೇಳಿದ ಮೇಷ್ಟ್ರು, ಜೀವನವಿಡೀ ಪಾಠಾಂತರ ಹುಡುಕಿದ ವಿದ್ವಾಂಸ: ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್

ನೆಕರ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಎಸ್ಲಿಂಗನ್‌ನಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಊರು. ಕಳೆದ ಭಾನುವಾರ ಇಲ್ಲೇ ಹತ್ತಿರದ ಡೆಂಕೆನ್‌ಡಾರ್ಫ್‌ಗೆ ಹೋಗಿದ್ದೆ. ಅಲ್ಲಿ ಒಂದು ಹಳೆಯ ಮಠ ಇದೆ. ಜೆರುಸಲೇಮಿನ ಪವಿತ್ರ ಸಮಾಧಿಯ ಹೆಸರಿನ ಸನ್ಯಾಸಿಗಳು ಕಟ್ಟಿದ್ದು. ಚರ್ಚಿನ ಕೆಳಗೆ ನೆಲಮಾಳಿಗೆಯಲ್ಲಿ ಖಾಲಿ ಸಮಾಧಿಯೊಂದಿದೆ. ಲೂಥರನ ಸುಧಾರಣೆ ಬಂದ ಮೇಲೆ ಸನ್ಯಾಸಿಗಳು ಹೋದರು. 1713ರಲ್ಲಿ ಅಲ್ಲಿ ಹುಡುಗರ ಶಾಲೆ ಶುರುವಾಯಿತು. ಆ ಶಾಲೆಗೆ ಮೇಷ್ಟ್ರಾಗಿ ಬಂದವರು ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್. ಬಂದಾಗ 26 ವಯಸ್ಸು. ಹೋದದ್ದು 1741ರಲ್ಲಿ.

ಇವರ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಬರೆದಿದ್ದು ನಾನು ನೋಡಿಲ್ಲ. ಹಳೆಯ ಹಸ್ತಪ್ರತಿಗಳಲ್ಲಿ ಯಾವ ಪಾಠ, ಅಂದರೆ ಯಾವ ಪದ ಅಥವಾ ಸಾಲು, ಸರಿ, ಯಾವುದು ತಪ್ಪು ಎಂದು ತೂಗಿ ನೋಡಲು ಇವತ್ತು ಎಲ್ಲರೂ ಬಳಸುವ ಒಂದು ಮುಖ್ಯ ನಿಯಮವನ್ನು ಸ್ಪಷ್ಟವಾಗಿ ಹೇಳಿದವರು ಇವರೇ. ಅದೂ ವಿಶ್ವವಿದ್ಯಾಲಯದಲ್ಲಿ ಕೂತು ಅಲ್ಲ. ಹದಿನಾಲ್ಕು ವರ್ಷದ ಹುಡುಗರಿಗೆ ಲ್ಯಾಟಿನ್ ವ್ಯಾಕರಣ ಹೇಳಿಕೊಡುತ್ತಾ.

ಮೊದಲು ಅವರ ಬಾಲ್ಯ ಹೇಳುತ್ತೇನೆ. ಹುಟ್ಟಿದ್ದು 1687ರ ಜೂನ್ 24, ವಿನ್ನೆಂಡನ್ ಎಂಬ ಸಣ್ಣ ಊರಲ್ಲಿ. ತಂದೆ ಅಲ್ಲಿನ ಚರ್ಚಿನಲ್ಲಿ ಸಹಾಯಕ ಪಾದ್ರಿ. 1693ರಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂತು, ತಂದೆ ತೀರಿಕೊಂಡರು. ಅದೇ ವರ್ಷ ಫ್ರಾನ್ಸಿನ 14ನೇ ಲೂಯಿಯ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಮನೆ ಹೋಯಿತು. ತಂದೆ ಬಿಟ್ಟುಹೋಗಿದ್ದ ಪುಸ್ತಕಗಳೂ ಸುಟ್ಟುಹೋದವು. ಹುಡುಗನಿಗೆ ಆಗ ಆರು ವರ್ಷ.

ತಂದೆಯ ಗೆಳೆಯ ಸ್ಪಿಂಡ್ಲರ್ ಎಂಬ ಶಾಲಾ ಶಿಕ್ಷಕರು ಅವನನ್ನು ಮನೆಗೆ ಕರೆದುಕೊಂಡು ಹೋಗಿ ಸಾಕಿದರು. ಅವರು ಊರಿಂದ ಊರಿಗೆ ವರ್ಗವಾದ ಹಾಗೆಲ್ಲ ಹುಡುಗನೂ ಜೊತೆಗೆ ಹೋದ. ಮಾರ್ಬಾಖ್, ಶಾರ್ನ್‌ಡಾರ್ಫ್, ಕೊನೆಗೆ ಸ್ಟುಟ್‌ಗಾರ್ಟ್. 1703ರಲ್ಲಿ ಟ್ಯೂಬಿಂಗನ್‌ಗೆ ದೇವರ ಶಾಸ್ತ್ರ ಓದಲು ಸೇರಿದ.

ಅಲ್ಲಿ ಅವನಿಗೆ ಒಂದು ಸಂಕಟ ಶುರುವಾಯಿತು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಗ್ರೀಕಿನಲ್ಲಿ ಓದುವಾಗ ಪುಟದ ಕೆಳಗೆ ಬೇರೆ ಬೇರೆ ಪ್ರತಿಗಳ ಪಾಠಾಂತರ ಕಂಡವು. ಇಲ್ಲಿ ಒಂದು ಪದ, ಅಲ್ಲಿ ಇನ್ನೊಂದು. ದೇವರ ಮಾತು ಎಂದು ನಂಬಿ ಬೆಳೆದವನು. ಇದರಲ್ಲಿ ಯಾವುದು ದೇವರ ಮಾತು ಎಂಬ ಪ್ರಶ್ನೆ ಬಂದರೆ ಏನು ಮಾಡಬೇಕು? 1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ತಮ್ಮ ಆವೃತ್ತಿ ತಂದರು. ಅದರಲ್ಲಿ ಸುಮಾರು 30,000 ಪಾಠಾಂತರಗಳಿದ್ದವು. ಯುರೋಪಿನಲ್ಲಿ ಗದ್ದಲ ಎದ್ದಿತು. ಬೈಬಲ್ ನಂಬುವ ಹಾಗೇ ಇಲ್ಲ ಎಂದು ಕೆಲವರು. ಇಂಥ ಪಟ್ಟಿ ಮಾಡುವುದೇ ಪಾಪ ಎಂದು ಇನ್ನು ಕೆಲವರು.

ಬೆಂಗೆಲ್ ಎರಡೂ ಕಡೆ ಸೇರಲಿಲ್ಲ. ಸಂಕಟ ಇದ್ದರೆ ಅದರ ಒಳಗೇ ಇಳಿದು ನೋಡಬೇಕು ಎಂದುಕೊಂಡರು. ಮುಂದಿನ ಇಪ್ಪತ್ತೈದು ವರ್ಷ ಅದೇ ಕೆಲಸ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ಗೊತ್ತಿರುವವರು ಸೇರಿಸಿ. ನಾನೂ ಬರೆಯುತ್ತಾ ಹೋಗುತ್ತೇನೆ.

ನಿವೃತ್ತ ಮೇಷ್ಟ್ರು, ಹಾಸನ:

ತುಂಬಾ ಒಳ್ಳೆಯ ವಿಷಯ ತೆಗೆದಿರಿ. ನಾನು 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು. ನನಗೆ ಬೈಬಲ್ ವಿಚಾರ ಅಷ್ಟು ಗೊತ್ತಿಲ್ಲ. ಆದರೆ ಆ ಶಾಲೆಯ ಬಗ್ಗೆ ಹೇಳಿ. ಎಷ್ಟು ಹುಡುಗರು? ಏನು ಓದಿಸುತ್ತಿದ್ದರು? ಪಾಠ ಮಾಡಿ ಸಂಜೆ ಮನೆಗೆ ಬಂದವನಿಗೆ ಇಂಥ ದೊಡ್ಡ ಕೆಲಸಕ್ಕೆ ಹೊತ್ತೆಲ್ಲಿ ಸಿಕ್ಕಿತು? ನಾನು ಒಂದು ಸಣ್ಣ ಶಬ್ದಸಂಗ್ರಹ ಮಾಡಬೇಕು ಎಂದು ಶುರುಮಾಡಿ, ಉತ್ತರಪತ್ರಿಕೆ ತಿದ್ದುವುದರಲ್ಲೇ ವರ್ಷಗಳು ಕಳೆದುಹೋದವು. ಅದಕ್ಕೇ ಕೇಳಿದೆ.

ನೆಕರ್ ದಂಡೆ:

ಸರ್, ನಿಮ್ಮ ಪ್ರಶ್ನೆಯೇ ಈ ಕಥೆಯ ತಿರುಳು.

ಅದು ವಸತಿ ಶಾಲೆ. ವುರ್ಟೆಂಬೆರ್ಗ್ ಸಂಸ್ಥಾನದಲ್ಲಿ ಪಾದ್ರಿ ಆಗಬೇಕಾದ ಬುದ್ಧಿವಂತ ಹುಡುಗರನ್ನು ಪರೀಕ್ಷೆ ಮಾಡಿ ಆರಿಸಿ, ಸರ್ಕಾರದ ಖರ್ಚಿನಲ್ಲಿ ಇಂಥ ಮಠಶಾಲೆಗಳಲ್ಲಿ ಓದಿಸುತ್ತಿದ್ದರು. ಡೆಂಕೆನ್‌ಡಾರ್ಫ್ ಮೊದಲ ಮೆಟ್ಟಿಲು. ಹುಡುಗರು ಹದಿನಾಲ್ಕು ಹದಿನೈದರವರು. ಒಂದು ತಂಡ ಎರಡು ವರ್ಷ ಇದ್ದು ಮುಂದಿನ ಶಾಲೆಗೆ ಹೋಗುತ್ತಿತ್ತು. ಹೀಗೆ ಬೆಂಗೆಲ್ ಕೈಯಲ್ಲಿ ಸುಮಾರು 300 ಹುಡುಗರು ಓದಿದರು. ಲ್ಯಾಟಿನ್, ಗ್ರೀಕ್, ಹೀಬ್ರೂ.

ಕೆಲಸಕ್ಕೆ ಸೇರುವ ಮೊದಲು, 1713ರಲ್ಲಿ, ಅವರು ಜರ್ಮನಿಯ ಶಾಲೆಗಳನ್ನು ನೋಡಲು ಪ್ರವಾಸ ಹೋಗಿದ್ದರು. ಹಾಲೆಯಲ್ಲಿ ಫ್ರಾಂಕೆಯವರ ಅನಾಥಾಲಯ, ಶಾಲೆ ಎಲ್ಲ ನೋಡಿದರು. ಬಂದು ಮಾಡಿದ ಮೊದಲ ಭಾಷಣದ ವಿಷಯ: ನಿಜವಾದ ವಿದ್ಯೆಗೆ ಹೋಗುವ ಖಚಿತ ದಾರಿ ಭಕ್ತಿಯ ಅಭ್ಯಾಸ. ಅವರಿಗೆ ವಿದ್ಯೆ ಬೇರೆ, ಭಕ್ತಿ ಬೇರೆ ಅಲ್ಲ.

ಹೊತ್ತೆಲ್ಲಿ ಸಿಕ್ಕಿತು ಅಂದಿರಲ್ಲ. ಅವರು ಶಾಲೆಯ ಕೆಲಸವನ್ನೇ ವಿದ್ವತ್ತಿನ ಕೆಲಸ ಮಾಡಿಕೊಂಡರು. ಹುಡುಗರಿಗೆ ಸಿಸೆರೋನ ಪತ್ರಗಳನ್ನು ಓದಿಸಬೇಕಿತ್ತು. ಒಳ್ಳೆಯ ಪುಸ್ತಕ ಇರಲಿಲ್ಲ. ತಾವೇ ಪ್ರತಿಗಳನ್ನು ಹೋಲಿಸಿ 1719ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಗ್ರೀಕ್ ಪಾಠಕ್ಕೆ ಬೇರೆ ಪುಸ್ತಕ ಬೇಕಾಯಿತು. 1722ರಲ್ಲಿ ಒರಿಗೆನ್ ಎಂಬ ಗುರುವನ್ನು ಅವರ ಶಿಷ್ಯ ಗ್ರೆಗರಿ ಹೊಗಳಿದ ಭಾಷಣ, 1725ರಲ್ಲಿ ಕ್ರಿಸೊಸ್ಟೊಮ್ ಬರೆದ ಪಾದ್ರಿತನದ ಬಗೆಗಿನ ಪುಸ್ತಕ. ಪಾಠ ಸಂಪಾದನೆ ಹೇಗೆ ಮಾಡಬೇಕು ಎಂದು ಅವರ ಕೈ ಪಳಗಿದ್ದು ಈ ಶಾಲಾ ಪುಸ್ತಕಗಳ ಮೇಲೆ. 1725ರ ಪುಸ್ತಕದ ಜೊತೆಗೇ ಮುಂದೆ ತರಲಿರುವ ಗ್ರೀಕ್ ಹೊಸ ಒಡಂಬಡಿಕೆಯ ಯೋಜನೆಯನ್ನೂ ಅಚ್ಚು ಮಾಡಿದರು.

ಪ್ರತಿ ತಂಡದ ಹುಡುಗರ ಜೊತೆಗೂ ಹೊಸ ಒಡಂಬಡಿಕೆಯನ್ನು ಗ್ರೀಕಿನಲ್ಲಿ ಓದುತ್ತಿದ್ದರು. ಓದುವಾಗ ಮಾಡಿಕೊಂಡ ಟಿಪ್ಪಣಿಗಳೇ ಇಪ್ಪತ್ತು ವರ್ಷ ಬೆಳೆದು ದೊಡ್ಡ ಪುಸ್ತಕವಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮನೆಯಲ್ಲೂ ಸುಖ ಇರಲಿಲ್ಲ ಸರ್. 1714ರಲ್ಲಿ ಯೊಹಾನಾ ರೆಗಿನಾ ಸೀಗರ್ ಅವರ ಜೊತೆ ಮದುವೆ. ಹನ್ನೆರಡು ಮಕ್ಕಳು ಹುಟ್ಟಿದರು. ಆರು ಮಕ್ಕಳು ಎಳವೆಯಲ್ಲೇ ತೀರಿಕೊಂಡವು.

ನಿವೃತ್ತ ಮೇಷ್ಟ್ರು, ಹಾಸನ:

ಆರು ಮಕ್ಕಳು. ಅಯ್ಯೋ. ಆ ತಾಯಿಯನ್ನೂ ನೆನೆಯಬೇಕು ಅಲ್ವಾ.

ಹುಡುಗರಿಗೆ ಪುಸ್ತಕ ಇಲ್ಲ ಎಂದು ತಾವೇ ಪುಸ್ತಕ ಮಾಡಿದ್ದು ಓದಿ ಎದೆ ತುಂಬಿತು. ನಮ್ಮಲ್ಲೂ ಎಷ್ಟೋ ಮೇಷ್ಟ್ರುಗಳು ಹಳಗನ್ನಡ ಪದ್ಯಕ್ಕೆ ಅರ್ಥ ಬರೆದು ಕೈಬರಹದಲ್ಲೇ ಹಂಚುತ್ತಿದ್ದರು. ಅವರ ಶಿಷ್ಯರಲ್ಲಿ ಯಾರಾದರೂ ಹೆಸರು ಮಾಡಿದರೇ?

ನೆಕರ್ ದಂಡೆ:

ಮಾಡಿದರು ಸರ್. ಮೊದಲನೇ ತಂಡದಲ್ಲೇ ಫಿಲಿಪ್ ಫ್ರೀಡ್ರಿಖ್ ಹಿಲ್ಲರ್ ಇದ್ದರು. ಮುಂದೆ ಅವರ ಭಕ್ತಿಗೀತೆಗಳು ಈ ಸೀಮೆಯ ಮನೆಮನೆಗಳಲ್ಲಿ ಹಾಡಾದವು. ಯೆರೆಮಿಯಾಸ್ ರಾಯ್ಸ್ ಇನ್ನೊಬ್ಬ ಶಿಷ್ಯ. ಓದು ಮುಗಿಸಿ ಹೋದವರಿಗೂ ಮೇಷ್ಟ್ರು ಪತ್ರ ಬರೆಯುತ್ತಲೇ ಇದ್ದರು.

ಬೆಂಗೆಲ್ ಹೋಗಿ ನಾಲ್ಕು ದಶಕ ಆದ ಮೇಲೆ, 1784ರಲ್ಲಿ, ಅದೇ ಶಾಲೆಗೆ ಇನ್ನೊಬ್ಬ ಹುಡುಗ ಸೇರಿದ. ಕವಿ ಹೋಲ್ಡರ್ಲಿನ್.

ಓಲೆಗರಿ:

ನಾನು ಹಳಗನ್ನಡ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುತ್ತೇನೆ. ಗ್ರಂಥಸಂಪಾದನೆ ಓದುವಾಗ ಮೊದಲ ವರ್ಷವೇ ಒಂದು ಸೂತ್ರ ಕಲಿಸುತ್ತಾರೆ. ಎರಡು ಪ್ರತಿಗಳಲ್ಲಿ ಎರಡು ಪಾಠ ಇದ್ದರೆ, ಕಷ್ಟದ ಪಾಠವೇ ಮೂಲಕ್ಕೆ ಹತ್ತಿರ ಇರುವ ಸಾಧ್ಯತೆ ಹೆಚ್ಚು. ಕ್ಲಿಷ್ಟಪಾಠ ಎನ್ನುತ್ತೇವೆ. ಇದನ್ನು ಬೆಂಗೆಲ್ ನಾಲ್ಕು ಲ್ಯಾಟಿನ್ ಪದಗಳಲ್ಲಿ ಹೇಳಿದರು: ಸುಲಭವಾಗಿ ಬರೆದದ್ದಕ್ಕಿಂತ ಕಡಿದಾದದ್ದು ಮೇಲು.

ಕಾರಣ ಇಷ್ಟೆ. ಪ್ರತಿ ಮಾಡುವವನು ತನಗೆ ಗೊತ್ತಿಲ್ಲದ ಪದ ಕಂಡರೆ, ತಪ್ಪಿದೆ ಎಂದುಕೊಂಡು ಗೊತ್ತಿರುವ ಪದ ಹಾಕುತ್ತಾನೆ. ಗೊತ್ತಿರುವ ಪದ ತೆಗೆದು ಗೊತ್ತಿಲ್ಲದ್ದನ್ನು ಯಾರೂ ಹಾಕುವುದಿಲ್ಲ. ನಮ್ಮ ಓಲೆಗರಿಗಳಲ್ಲಿ ಇದು ದಿನವೂ ಕಾಣುತ್ತದೆ. ಹಳಗನ್ನಡದ ೞ ಮತ್ತು ಱ ಬಳಕೆ ತಪ್ಪಿದ ಮೇಲೆ ಬಂದ ಲಿಪಿಕಾರರು ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ ಬರೆದರು. ಬಾೞ್ ಹೋಗಿ ಬಾಳ್ ಆಯಿತು. ಈಗ ಒಂದು ಪ್ರತಿಯಲ್ಲಿ ೞ ಸರಿಯಾದ ಜಾಗದಲ್ಲಿ ಉಳಿದಿದ್ದರೆ ನಾವು ಅದಕ್ಕೇ ಕಿವಿ ಕೊಡುತ್ತೇವೆ. ಹತ್ತು ಪ್ರತಿಗಳು ಳ ಎಂದರೂ ಸರಿಯೇ.

ಬೆಂಗೆಲ್ ಅವರ ಎರಡನೆಯ ಕಾಣಿಕೆ ಇದೇ. ಪ್ರತಿಗಳನ್ನು ಎಣಿಸಬೇಡಿ, ಅವುಗಳ ಮನೆತನ ನೋಡಿ ಎಂದರು. ಒಂದೇ ತಾಯಿ ಪ್ರತಿಯಿಂದ ನೂರು ನಕಲು ಬಂದರೂ ಅದು ಒಂದೇ ಸಾಕ್ಷಿ. ಹೊಸ ಒಡಂಬಡಿಕೆಯ ಪ್ರತಿಗಳನ್ನು ಅವರು ಎರಡು ಬಳಗ ಮಾಡಿದರು. ಒಂದು ಏಷ್ಯಾದ್ದು, ಅಂದರೆ ಕಾನ್‌ಸ್ಟಾಂಟಿನೋಪಲ್ ಸುತ್ತಮುತ್ತ ಹರಡಿದ ಹೊಸ ಕಾಲದ ಪ್ರತಿಗಳು. ಸಂಖ್ಯೆ ಜಾಸ್ತಿ. ಇನ್ನೊಂದು ಆಫ್ರಿಕಾದ್ದು. ಸಂಖ್ಯೆ ಕಡಿಮೆ, ಹಳೆಯವು. ಈ ವಿಂಗಡಣೆಯನ್ನು ಮುಂದೆ ಗ್ರೀಸ್‌ಬಾಖ್ ಮೊದಲಾದವರು ಬೆಳೆಸಿದರು.

ಬೈಬಲಿನ ಒಂದು ಉದಾಹರಣೆ. ಮಾರ್ಕನ ಸುವಾರ್ತೆ ಮೊದಲ ಅಧ್ಯಾಯ, ಎರಡನೇ ವಚನ. ಕೆಲವು ಪ್ರತಿಗಳಲ್ಲಿ 'ಪ್ರವಾದಿಯಾದ ಯೆಶಾಯನಲ್ಲಿ ಬರೆದಂತೆ' ಎಂದಿದೆ. ಬಹಳಷ್ಟು ಪ್ರತಿಗಳಲ್ಲಿ 'ಪ್ರವಾದಿಗಳಲ್ಲಿ ಬರೆದಂತೆ' ಎಂದಿದೆ. ಆಮೇಲೆ ಬರುವ ಮಾತಿನ ಮೊದಲ ಸಾಲು ನಿಜಕ್ಕೂ ಮಲಾಕಿಯನದು, ಆಮೇಲಿನದು ಯೆಶಾಯನದು. ಈಗ ನೀವೇ ಯೋಚಿಸಿ. 'ಪ್ರವಾದಿಗಳು' ಎಂದಿದ್ದರೆ ಯಾವ ತೊಂದರೆಯೂ ಇಲ್ಲ. ಅದನ್ನು ತೆಗೆದು ಯಾರಾದರೂ 'ಯೆಶಾಯ' ಎಂದು ಹಾಕಿ ತೊಂದರೆ ತಂದುಕೊಳ್ಳುತ್ತಾರೆಯೇ? 'ಯೆಶಾಯ' ಎಂದಿದ್ದುದನ್ನು ಕಂಡ ಲಿಪಿಕಾರ, ಇದು ಪೂರ್ತಿ ಸರಿಯಲ್ಲವಲ್ಲ ಎಂದು 'ಪ್ರವಾದಿಗಳು' ಎಂದು ತಿದ್ದಿರುವುದು ಸಹಜ. ಕಷ್ಟದ ಪಾಠವೇ ಹಳೆಯದು.

ಶರಾವತಿ:

ಓಲೆಗರಿ ಅವರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಅನುಮಾನ. ಕಷ್ಟ ಎಂದ ಕೂಡಲೇ ಸರಿ ಅಂದುಕೊಂಡರೆ, ನಿದ್ದೆಗಣ್ಣಿನಲ್ಲಿ ಬರೆದ ಅಸಂಬದ್ಧ ಪದವೂ ಕಷ್ಟದ್ದೇ ಅಲ್ವಾ?

ಓಲೆಗರಿ:

ಸರಿಯಾದ ಪ್ರಶ್ನೆ ಮೇಡಂ. ಅರ್ಥ ಕೊಡದ ಕೈತಪ್ಪಿಗೆ ಈ ಸೂತ್ರ ಹೊಂದುವುದಿಲ್ಲ. ಮೊದಲ ನೋಟಕ್ಕೆ ಕಷ್ಟ, ಯೋಚಿಸಿದರೆ ಅರ್ಥಪೂರ್ಣ. ಅಂಥ ಪಾಠಕ್ಕೆ ಮಾತ್ರ ಇದು ಅನ್ವಯ. ಅದಕ್ಕೇ ಸಂಪಾದಕನಿಗೆ ಭಾಷೆಯೂ ಗೊತ್ತಿರಬೇಕು, ಲಿಪಿಕಾರರ ಚಾಳಿಯೂ ಗೊತ್ತಿರಬೇಕು. ಹುಡುಗರ ಬರವಣಿಗೆ ತಿದ್ದಿ ತಿದ್ದಿ ಬೆಂಗೆಲ್‌ಗೆ ಎರಡನೆಯದು ಚೆನ್ನಾಗಿ ಗೊತ್ತಾಗಿರಬೇಕು ಎಂದು ನನ್ನ ಊಹೆ. ಹುಡುಗರು ಮಾಡುವ ತಪ್ಪೂ ಅದೇ ಜಾತಿಯದು. ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ತಿರುಗಿಸುವುದು.

ಶರಾವತಿ:

ಹಾಗಿದ್ದರೆ ಅವರು ತಮ್ಮ ಪುಸ್ತಕದಲ್ಲಿ ಸರಿಯಾದ ಪಾಠಗಳನ್ನೇ ಹಾಕಿ ಅಚ್ಚು ಮಾಡಿದರೇ?

ನೆಕರ್ ದಂಡೆ:

ಇಲ್ಲ. ಇಲ್ಲೇ ಅವರ ಸ್ವಭಾವ ಕಾಣುವುದು.

1734ರಲ್ಲಿ ಟ್ಯೂಬಿಂಗನ್‌ನಲ್ಲಿ ಅವರ ಗ್ರೀಕ್ ಹೊಸ ಒಡಂಬಡಿಕೆ ಬಂತು. ಆಗ ಎಲ್ಲ ಕಡೆ ಬಳಕೆಯಲ್ಲಿದ್ದ ಅಚ್ಚಿನ ಪಾಠಕ್ಕೆ ಬುನಾದಿ 1516ರಲ್ಲಿ ಎರಾಸ್ಮಸ್ ಅವಸರದಲ್ಲಿ ತಂದ ಪುಸ್ತಕ. ಎರಾಸ್ಮಸ್‌ಗೆ ಸಿಕ್ಕಿದ್ದು ಕೆಲವೇ ಪ್ರತಿಗಳು. ಹೊಸ ಒಡಂಬಡಿಕೆಯ ಕೊನೆಯ ಭಾಗವಾದ ಪ್ರಕಟನೆ ಪುಸ್ತಕದ ಪ್ರತಿಗೆ ಕೊನೆಯ ಹಾಳೆಯೇ ಇರಲಿಲ್ಲ. ಅಷ್ಟು ಭಾಗವನ್ನು ಲ್ಯಾಟಿನ್‌ನಿಂದ ಮತ್ತೆ ಗ್ರೀಕಿಗೆ ತಾವೇ ತಿರುಗಿಸಿಬಿಟ್ಟರು! ಎರಡು ಶತಮಾನ ಕಳೆಯುವಷ್ಟರಲ್ಲಿ ಆ ಪಾಠವೇ ಪವಿತ್ರ ಎನ್ನುವ ಹಾಗಾಗಿತ್ತು. ಅದನ್ನು ಮುಟ್ಟಿದರೆ ಜನ ಸಿಟ್ಟಾಗುತ್ತಿದ್ದರು.

ಬೆಂಗೆಲ್ ಒಂದು ಕಟ್ಟು ಹಾಕಿಕೊಂಡರು. ಹಿಂದೆ ಯಾವುದಾದರೂ ಅಚ್ಚಿನ ಪುಸ್ತಕದಲ್ಲಿ ಬಂದಿರದ ಪಾಠವನ್ನು ಮುಖ್ಯ ಪಠ್ಯಕ್ಕೆ ಸೇರಿಸುವುದಿಲ್ಲ. ಪ್ರಕಟನೆ ಪುಸ್ತಕಕ್ಕೆ ಮಾತ್ರ ವಿನಾಯಿತಿ, ಯಾಕೆಂದರೆ ಅಲ್ಲಿ ಅಚ್ಚಿನ ಪಾಠ ತೀರಾ ಕೆಟ್ಟಿತ್ತು. ಉಳಿದ ಕಡೆ ತಮ್ಮ ತೀರ್ಮಾನವನ್ನು ಅಂಚಿನಲ್ಲಿ ಗ್ರೀಕಿನ ಐದು ಅಕ್ಷರಗಳಲ್ಲಿ ಬರೆದರು. ಆಲ್ಫಾ ಎಂದರೆ ಇದೇ ಮೂಲ. ಬೀಟಾ ಎಂದರೆ ಪಠ್ಯದಲ್ಲಿ ಇರುವುದಕ್ಕಿಂತ ಇದು ಮೇಲು, ಆದರೆ ಪೂರ್ತಿ ಖಚಿತ ಅಲ್ಲ. ಗಾಮಾ ಎಂದರೆ ಎರಡೂ ಸಮ. ಡೆಲ್ಟಾ ಎಂದರೆ ಕಡಿಮೆ. ಎಪ್ಸಿಲಾನ್ ಎಂದರೆ ಬಿಟ್ಟುಬಿಡಿ.

ಮೇಷ್ಟ್ರು ಅಂಕ ಕೊಟ್ಟ ಹಾಗೇ ಅಲ್ವಾ? ನನಗೆ ತುಂಬಾ ಹಿಡಿಸಿದ್ದು ಗಾಮಾ. ನನಗೆ ಇಲ್ಲಿ ಹೇಳಲು ಆಗುತ್ತಿಲ್ಲ ಎಂದು ಅಚ್ಚಿನಲ್ಲಿ ಒಪ್ಪಿಕೊಳ್ಳಲು ಧೈರ್ಯ ಬೇಕು. ಇವತ್ತು ಬೈಬಲ್ ಸೊಸೈಟಿಗಳು ತರುವ ಗ್ರೀಕ್ ಆವೃತ್ತಿಯಲ್ಲೂ ಪಾಠಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆ ಕೊಡುತ್ತಾರೆ.

ಬೈಗುಳ ಎರಡೂ ಕಡೆಯಿಂದ ಬಂತು. ಇಷ್ಟೆಲ್ಲ ಪಾಠಾಂತರ ತೋರಿಸಿ ಜನರ ನಂಬಿಕೆ ಅಲುಗಿಸುತ್ತೀರಿ ಎಂದು ಸಂಪ್ರದಾಯದವರು. ಗೊತ್ತಿದ್ದೂ ಪಠ್ಯ ತಿದ್ದದೆ ಹೆದರಿದಿರಿ ಎಂದು ವೆಟ್‌ಸ್ಟೈನ್‌ನಂಥ ವಿದ್ವಾಂಸರು.

ಓಲೆಗರಿ:

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಯೋಹಾನನ ಮೊದಲ ಪತ್ರ 5:7ರಲ್ಲಿ ತ್ರಯೇಕತ್ವದ ಬಗ್ಗೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಬಗ್ಗೆ, ಒಂದು ಸಾಲು ಇದೆ. ಗ್ರೀಕ್ ಪ್ರತಿಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಇಲ್ಲ ಎಂದು ಬೆಂಗೆಲ್‌ಗೆ ಗೊತ್ತಿತ್ತು. ಆದರೂ ಅದು ಮೂಲದ್ದೇ ಎಂದು ವಾದಿಸಿದರು. ತಮ್ಮದೇ ಅಳತೆಗೋಲನ್ನು ಅಲ್ಲಿ ಬಳಸಲಿಲ್ಲ. ಅವರನ್ನು ಗೌರವಿಸುತ್ತಲೇ ಇದನ್ನು ಹೇಳಬೇಕು. ಆದರೆ ಅವರ ಅಳತೆಗೋಲು ಅವರಿಗಿಂತ ಮುಂದೆ ಹೋಯಿತು. ಅದನ್ನೇ ಹಿಡಿದು ನಂತರದವರು ಆ ಸಾಲನ್ನು ಕೈಬಿಟ್ಟರು. 1831ರಲ್ಲಿ ಲಾಖ್‌ಮನ್ ಹಳೆಯ ಅಚ್ಚಿನ ಪಾಠವನ್ನು ಪೂರ್ತಿ ಬದಿಗಿಟ್ಟು ಹೊಸದಾಗಿ ಪಠ್ಯ ಕಟ್ಟಿದರು.

ಬಲ್ಮಠದ ಹುಡುಗಿ:

ನಾನು ಮಂಗಳೂರಿನವಳು. ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದ ಕುಟುಂಬ. ಬೆಂಗೆಲ್ ಅವರ ಹೆಸರನ್ನು ನನ್ನ ದೊಡ್ಡಪ್ಪನ ಬಾಯಲ್ಲಿ ಕೇಳಿದ್ದೆ. ಅವರು ಹೇಳುತ್ತಿದ್ದ ಒಂದು ಮಾತು ಇಲ್ಲಿ ಸೇರಿಸಲೇಬೇಕು.

1721ರಲ್ಲಿ ಶಿಷ್ಯ ರಾಯ್ಸ್‌ಗೂ ಅದೇ ಸಂಕಟ ಬಂತು, ಪಾಠಾಂತರಗಳನ್ನು ನೋಡಿ. ಮೇಷ್ಟ್ರಿಗೆ ಬರೆದ. ಬೆಂಗೆಲ್ ಉತ್ತರ ಬರೆದರು. ಅದರ ಸಾರ: ಗ್ರಂಥದ ರೊಟ್ಟಿಯನ್ನು ಸಿಕ್ಕಿದ ಹಾಗೆ ಸರಳವಾಗಿ ತಿನ್ನು. ಬೀಸುಕಲ್ಲಿನ ಸಣ್ಣ ಮರಳು ಕಣ ಒಂದೊಂದು ಕಡೆ ಹಲ್ಲಿಗೆ ಸಿಕ್ಕರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡ.

ನಮ್ಮ ಅಜ್ಜಿ ಮನೆಯಲ್ಲಿ ಬೀಸುಕಲ್ಲು ಇತ್ತು. ಕಲ್ಲು ಹೊಸದಾಗಿ ಕೊತ್ತಿಸಿದಾಗ ಹಿಟ್ಟಿನಲ್ಲಿ ಮರಳು ಬರುತ್ತಿತ್ತು. ಹಲ್ಲಿನಲ್ಲಿ ಕರಕರ. ಆದರೂ ರೊಟ್ಟಿ ತಿಂದೇ ತಿನ್ನುತ್ತಿದ್ದೆವು. ಅದಕ್ಕೇ ಈ ಮಾತು ನನಗೆ ಪಟ್ಟನೆ ಅರ್ಥವಾಯಿತು. ಶಿಷ್ಯನಿಗೆ ಚಿಂತೆ ಬೇಡ ಎಂದು ಬರೆದವರು ತಾವು ಮಾತ್ರ ಆ ಮರಳು ಕಣಗಳನ್ನು ಒಂದೊಂದಾಗಿ ಹೆಕ್ಕುತ್ತಾ ಕೂತಿದ್ದರು. ಆಗ್ಸ್‌ಬರ್ಗ್‌ನಿಂದ, ಬಾಸೆಲ್‌ನಿಂದ ಹಸ್ತಪ್ರತಿಗಳ ಪಾಠ ತರಿಸಿಕೊಂಡು ಹೋಲಿಸುತ್ತಿದ್ದರು. ಕೊನೆಗೆ ಅವರಿಗೆ ಸಿಕ್ಕ ನೆಮ್ಮದಿ ಏನೆಂದರೆ, ಇಷ್ಟು ಪಾಠಾಂತರಗಳಲ್ಲಿ ನಂಬಿಕೆಯ ಬುಡ ಅಲುಗಿಸುವಂಥದ್ದು ಒಂದೂ ಇಲ್ಲ.

ನಮ್ಮ ಕಡೆಯ ನಂಟನ್ನೂ ಹೇಳುತ್ತೇನೆ. ವುರ್ಟೆಂಬೆರ್ಗ್‌ನಲ್ಲಿ ಪಯಟಿಸ್ಟರು ಎಂಬ ಭಕ್ತರ ಬಳಗ ಇತ್ತು. ಮನೆಗಳಲ್ಲಿ ಸಣ್ಣ ಗುಂಪು ಕೂಡಿ ಬೈಬಲ್ ಓದುವುದು, ಪ್ರಾರ್ಥನೆ ಮಾಡುವುದು ಅವರ ರೂಢಿ. ಬೆಂಗೆಲ್ ಆ ಬಳಗದ ದೊಡ್ಡ ಗುರು. 1815ರಲ್ಲಿ ಬಾಸೆಲ್ ಮಿಷನ್ ಶುರುವಾದಾಗ ಅದಕ್ಕೆ ಜನ ಜಾಸ್ತಿ ಬಂದದ್ದು ಈ ಸೀಮೆಯಿಂದಲೇ. ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಬ್ರಾಕೆನ್‌ಹೈಮ್‌ನಲ್ಲಿ, ಓದಿದ್ದು ಬೆಂಗೆಲ್ ಓದಿದ ಟ್ಯೂಬಿಂಗನ್‌ನಲ್ಲೇ. 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು. ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಕಲ್ಲಚ್ಚಿನಲ್ಲಿ ತಂದರು. ಪ್ರತಿ ಹುಡುಕುವುದು, ಓದುವುದು, ಅಚ್ಚು ಮಾಡುವುದು. ಈ ಗುಣ ಅವರು ಬೆಳೆದ ನೆಲದಲ್ಲೇ ಇತ್ತು ಎಂದು ನನಗೆ ಅನಿಸುತ್ತದೆ.

ಗಡಿಯಾರ:

1836 ಎಂದು ಬಂದದ್ದರಿಂದ ಕೇಳುತ್ತಿದ್ದೇನೆ. ಇದೇ ಬೆಂಗೆಲ್ ಅಲ್ವಾ 1836ಕ್ಕೆ ಲೋಕದಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದವರು? ಇಷ್ಟು ಜಾಗರೂಕ ವಿದ್ವಾಂಸ ಎನ್ನುತ್ತೀರಿ. ಅಂಥವರು ಇಂಥ ಭವಿಷ್ಯ ಹೇಳಿದ್ದು ಹೇಗೆ? ಜನ ಅದನ್ನು ನಂಬಿ ಮನೆಮಠ ಬಿಟ್ಟು ಹೋದರು ಎಂದು ಓದಿದ್ದೇನೆ. ಇದನ್ನು ಬಿಟ್ಟು ಬರೀ ಹೊಗಳಿದರೆ ಸರಿಯಾಗುವುದಿಲ್ಲ.

ನೆಕರ್ ದಂಡೆ:

ಸರಿ ಕೇಳಿದಿರಿ. ಮುಚ್ಚಿಡುವಂಥದ್ದಲ್ಲ.

ಹೌದು, ಅವರೇ. 1740ರಲ್ಲಿ ಪ್ರಕಟನೆ ಪುಸ್ತಕಕ್ಕೆ ವಿವರಣೆ ಬರೆದರು. ಆ ಪುಸ್ತಕದಲ್ಲಿ ಬರುವ 666 ಎಂಬ ಸಂಖ್ಯೆ ಹಿಡಿದು, ಪ್ರವಾದನೆಯ ತಿಂಗಳು ವರ್ಷಗಳಿಗೆ ಅಳತೆ ಕಟ್ಟಿ, 1836ರ ಜೂನ್ 18 ಎಂಬ ದಿನದವರೆಗೂ ಹೋದರು. ಇಡೀ ಲೋಕದ ಚರಿತ್ರೆ ಒಂದು ಗಡಿಯಾರದ ಹಾಗೆ ದೇವರು ಕಟ್ಟಿದ್ದು, ಅದರ ಹಲ್ಲುಗಳನ್ನು ಎಣಿಸಬಹುದು ಎಂದು ಅವರ ನಂಬಿಕೆ. 1741ರಲ್ಲಿ ಕಾಲಗಣನೆಯ ಮೇಲೆ, 1745ರಲ್ಲಿ ಗ್ರಹಗಳ ಚಲನೆಯನ್ನೂ ಸೇರಿಸಿ ಮತ್ತೊಂದು, ಹೀಗೆ ಪುಸ್ತಕ ಬರೆದರು.

ಪರಿಣಾಮ ದೊಡ್ಡದೇ ಆಯಿತು. 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಗಿ ಬರ ಬಿತ್ತು. ಕಷ್ಟದ ಜೊತೆಗೆ ಅಂತ್ಯಕಾಲ ಹತ್ತಿರ ಬಂತು ಎಂಬ ನಂಬಿಕೆಯೂ ಸೇರಿ 1817ರಲ್ಲಿ ಸಾವಿರಾರು ಜನ ಪೂರ್ವಕ್ಕೆ ಹೊರಟರು. ಡಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ ಕಾಕಸಸ್ ಕಡೆಗೆ. ದಾರಿಯಲ್ಲೇ ಎಷ್ಟೋ ಜನ ರೋಗದಿಂದ ಸತ್ತರು. ಉಳಿದವರು ಟಿಫ್ಲಿಸ್ ಸುತ್ತ ಊರು ಕಟ್ಟಿದರು. ಬೆಂಗೆಲ್ ಒಬ್ಬರ ಮಾತಿನಿಂದಲೇ ಹೊರಟರು ಎನ್ನುವುದು ಸರಿಯಲ್ಲ. ಅವರ ನಂತರ ಬೇರೆಯವರೂ ಅದೇ ಲೆಕ್ಕವನ್ನು ಹೆಚ್ಚು ಜೋರಾಗಿ ಹೇಳಿದ್ದರು. ಆದರೆ ಬೀಜ ಅವರದ್ದೇ.

ಒಂದು ವಿಷಯ ಮಾತ್ರ ಅವರ ಪರವಾಗಿ. ತಮ್ಮ ಲೆಕ್ಕದ ಬಗ್ಗೆ ಅವರೇ ಬರೆದಿಟ್ಟರು: 1836 ಯಾವ ಗುರುತರ ಬದಲಾವಣೆಯೂ ಇಲ್ಲದೆ ಕಳೆದುಹೋದರೆ, ನನ್ನ ಕಟ್ಟೋಣದಲ್ಲಿ ಒಂದು ಮುಖ್ಯ ತಪ್ಪಿದೆ ಎಂದು ಅರ್ಥ, ಅದು ಎಲ್ಲಿದೆ ಎಂದು ಹುಡುಕಬೇಕು. 1836 ಸುಮ್ಮನೆ ಕಳೆದುಹೋಯಿತು.

ಗಡಿಯಾರ:

ಈ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಿ ಎಂದು ಮುಂಚೆಯೇ ಬರೆದಿಟ್ಟವರು ಅಪರೂಪ. ಆದರೂ ದೋಣಿಯಲ್ಲಿ ಸತ್ತವರು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಪಾಠಾಂತರದಲ್ಲಿ ಗಾಮಾ ಹಾಕಲು ಹಿಂಜರಿಯದವರು, ಕಾಲದ ಲೆಕ್ಕಕ್ಕೂ ಒಂದು ಗಾಮಾ ಹಾಕಬಹುದಿತ್ತು.

ನೆಕರ್ ದಂಡೆ:

ಒಪ್ಪುತ್ತೇನೆ.

ತುಮಕೂರು ವೆಸ್ಲಿ:

ನಮ್ಮದು ಮೆಥಡಿಸ್ಟ್ ಮನೆ. ಹಳೆಯ ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನ್ ಬಂದು ಶಾಲೆ, ಅಚ್ಚುಕೂಟ ನಡೆಸಿದ್ದು ಎಲ್ಲರಿಗೂ ಗೊತ್ತು. ಬೆಂಗೆಲ್‌ಗೂ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಗೂ ಇರುವ ನಂಟು ಹೇಳುತ್ತೇನೆ.

ನೆಕರ್ ದಂಡೆ ಅವರು ಆಮೇಲೆ ಹೇಳುತ್ತೇನೆ ಎಂದ ದೊಡ್ಡ ಪುಸ್ತಕದ ಹೆಸರು ಗ್ನೊಮೊನ್. 1742ರಲ್ಲಿ ಬಂತು, ಲ್ಯಾಟಿನ್‌ನಲ್ಲಿ. ಗ್ನೊಮೊನ್ ಎಂದರೆ ನೆರಳು ಗಡಿಯಾರದ ನಡುವಿನ ಕಡ್ಡಿ. ತಾನು ಬೆಳಕು ಕೊಡುವುದಿಲ್ಲ, ಬೆಳಕು ಎಲ್ಲಿದೆ ಎಂದು ತೋರಿಸುತ್ತದೆ ಅಷ್ಟೆ. ಹೊಸ ಒಡಂಬಡಿಕೆಯ ವಚನ ವಚನಕ್ಕೂ ತೀರಾ ಚಿಕ್ಕ ಟಿಪ್ಪಣಿ. ಈ ಪದ ಯಾಕೆ ಇಲ್ಲಿ, ಈ ಕ್ರಮ ಯಾಕೆ, ಹಿಂದಿನ ಸಾಲಿಗೂ ಇದಕ್ಕೂ ಏನು ಸಂಬಂಧ. ಉಪದೇಶ ಎಳೆಯುವುದಿಲ್ಲ. ಒಂದು ಸಾಲು ಬರೆದು ನಿಲ್ಲಿಸುತ್ತಾರೆ. ಓದುವವನು ತಾನೇ ಮತ್ತೆ ಮೂಲಕ್ಕೆ ಹೋಗಬೇಕು.

ವೆಸ್ಲಿ ಹೊಸ ಒಡಂಬಡಿಕೆಗೆ ತಾವೇ ಟಿಪ್ಪಣಿ ಬರೆಯಬೇಕು ಎಂದಿದ್ದರು. ಗ್ನೊಮೊನ್ ಸಿಕ್ಕ ಮೇಲೆ, ಇದನ್ನು ಇಂಗ್ಲಿಷಿಗೆ ಇಳಿಸಿದರೆ ಧರ್ಮಕ್ಕೆ ಹೆಚ್ಚು ಸೇವೆ ಆಗುತ್ತದೆ ಎಂದು ಮುನ್ನುಡಿಯಲ್ಲಿ ಬರೆದರು. 1755ರಲ್ಲಿ ಬಂದ ಅವರ ಟಿಪ್ಪಣಿಗಳಲ್ಲಿ ಎಷ್ಟೋ ಭಾಗ ಬೆಂಗೆಲ್ ಅವರದ್ದೇ. ಮೆಥಡಿಸ್ಟ್ ಬೋಧಕರು ಆ ಟಿಪ್ಪಣಿಗಳನ್ನು ಓದಲೇಬೇಕಿತ್ತು. ಹೀಗೆ ಡೆಂಕೆನ್‌ಡಾರ್ಫ್ ತರಗತಿಯಲ್ಲಿ ಹುಡುಗರಿಗೆ ಹೇಳಿದ್ದು ಸುತ್ತಿ ಬಳಸಿ ನಮ್ಮ ಬೋಧಕರ ತನಕ ಬಂತು.

ನಿವೃತ್ತ ಮೇಷ್ಟ್ರು, ಹಾಸನ:

ಒಂದು ಸಾಲು ಬರೆದು ನಿಲ್ಲಿಸುತ್ತಾರೆ ಎಂದಿರಲ್ಲ, ಅದು ಕಷ್ಟದ ಕೆಲಸ. ನಾವು ಮೇಷ್ಟ್ರುಗಳು ಹುಡುಗ ಯೋಚಿಸುವ ಮೊದಲೇ ಉತ್ತರ ಹೇಳಿಬಿಡುತ್ತೇವೆ.

ಅವರ ಕೊನೆಯ ದಿನಗಳು ಹೇಗಿದ್ದವು?

ನೆಕರ್ ದಂಡೆ:

ಸರ್, 1741ರಲ್ಲಿ ಅವರನ್ನು ಹೆರ್‌ಬ್ರೆಖ್ಟಿಂಗನ್ ಎಂಬ ಕಡೆಗೆ ಚರ್ಚಿನ ಮೇಲಧಿಕಾರಿಯಾಗಿ ಕಳಿಸಿದರು. 1749ರಲ್ಲಿ ಇನ್ನೂ ದೊಡ್ಡ ಹುದ್ದೆ, ವಾಸ ಸ್ಟುಟ್‌ಗಾರ್ಟ್‌ನಲ್ಲಿ. 1751ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಗೌರವ ಕೊಟ್ಟಿತು. ಆಗ ಅವರಿಗೆ 64. ಮುಖ್ಯ ಪುಸ್ತಕಗಳೆಲ್ಲ ಬಂದು ಎಷ್ಟೋ ವರ್ಷಗಳಾಗಿದ್ದವು.

ಕೊನೆಗೆ ಅವರು ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ಅನುವಾದ ಮಾಡುತ್ತಿದ್ದರು. ಗ್ರೀಕ್, ಲ್ಯಾಟಿನ್ ಬಾರದ ಮನೆಮಂದಿಗೂ ಸಿಗಲಿ ಎಂದು. ಕರಡು ತಿದ್ದುತ್ತಿರುವಾಗಲೇ ಕಾಯಿಲೆ ಬಿದ್ದರು. 1752ರ ನವೆಂಬರ್ 2ರಂದು ತೀರಿಕೊಂಡರು. ಪುಸ್ತಕ ಬಂದದ್ದು 1753ರಲ್ಲಿ. ಅವರನ್ನು ಹತ್ತಿರದಿಂದ ಬಲ್ಲ ಓಟಿಂಗರ್ ಬರೆದಿದ್ದಾರೆ. ಭಕ್ತರ ಸಾವು ಎಂದು ಸುತ್ತ ಜನ ಸೇರಿ ಆಡಂಬರ ಆಗುವುದು ಅವರಿಗೆ ಬೇಕಿರಲಿಲ್ಲವಂತೆ. ಕೆಲಸದ ನಡುವೆ ಯಾರೋ ಬಾಗಿಲ ಹತ್ತಿರ ಕರೆದರೆ ಎದ್ದು ಹೋಗುತ್ತೇವಲ್ಲ, ಹಾಗೆ ಹೋಗಬೇಕು ಎಂದಿದ್ದರಂತೆ.

1734ರ ಸಣ್ಣ ಆವೃತ್ತಿಯ ಮುನ್ನುಡಿಯಲ್ಲಿ ಅವರ ಒಂದು ಮಾತು ಇದೆ. ನಿನ್ನನ್ನು ಪೂರ್ತಿಯಾಗಿ ಪಠ್ಯಕ್ಕೆ ಒಪ್ಪಿಸು, ಅದರ ವಿಷಯವನ್ನು ಪೂರ್ತಿಯಾಗಿ ನಿನಗೆ ಅನ್ವಯಿಸಿಕೋ. ಆಮೇಲೆ ಬಂದ ಎಷ್ಟೋ ಗ್ರೀಕ್ ಆವೃತ್ತಿಗಳ ಮುನ್ನುಡಿಯಲ್ಲಿ ಈ ಸಾಲನ್ನು ಅಚ್ಚು ಮಾಡಿದ್ದಾರೆ.

ಬಲ್ಮಠದ ಹುಡುಗಿ:

ಓಲೆಗರಿ ಅವರು ಮಾರ್ಕ 1:2 ಹೇಳಿದರಲ್ಲ. ತಡೆಯಲಾರದೆ ಮನೆಯ ಕಪಾಟು ತೆಗೆದು ನೋಡಿದೆ. ಎರಡು ಕನ್ನಡ ಬೈಬಲ್ ಇವೆ. ಒಂದು ಇಂಗ್ಲಿಷಿನ ಕಿಂಗ್ ಜೇಮ್ಸ್ ಎಂಬ ಹಳೆಯ ಬೈಬಲಿನ ಜಾಡು ಹಿಡಿದ ಅನುವಾದ. ಅದರಲ್ಲಿ 'ಪ್ರವಾದಿಗಳಲ್ಲಿ' ಎಂದಿದೆ. ಇನ್ನೊಂದು ಸಭೆಯಲ್ಲಿ ಓದುವುದು. ಅದರಲ್ಲಿ 'ಪ್ರವಾದಿಯಾದ ಯೆಶಾಯನ' ಎಂದಿದೆ. ಇಷ್ಟು ವರ್ಷ ಎರಡನ್ನೂ ಓದಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 'ಹೌದಲ್ಲ! ಇನ್ನೆಲ್ಲೆಲ್ಲಿ ಹೀಗಿದೆ, ನೋಡುವ' ಎಂದು ಮಾರ್ಕನ ಮೊದಲ ಅಧ್ಯಾಯದಿಂದ ಶುರುಮಾಡಿದ್ದಾರೆ. ಈಗ ಮೂರನೇ ಅಧ್ಯಾಯದಲ್ಲಿದ್ದಾರೆ. ಪೆನ್ಸಿಲ್ ಕೇಳಿದರು.